ಫೆರೆಟ್ ಮರಿಗಳ ಚಿತ್ರಪುಸ್ತಕ: ಕಣ್ಣು ತೆರೆಯುವವರೆಗಿನ ಕೆಲಸ

ಗೂಡಿನ ಲೈವ್ ಕ್ಯಾಮೆರಾ ನೋಡಿಕೊಂಡು ಚಿತ್ರ ಬಿಡಿಸುವ ಕೆಲಸ ಎಲ್ಲಿಗೆ ಬಂತು ಅಂತ ಬರೆದಿಡುತ್ತಿದ್ದೇನೆ. ಕ್ಯಾಮೆರಾ ಇರುವುದು ಅಮೆರಿಕದ ವರ್ಜೀನಿಯಾದ ಫ್ರಂಟ್ ರಾಯಲ್‌ನಲ್ಲಿ, ಸ್ಮಿತ್ಸೋನಿಯನ್ ಸಂಸ್ಥೆಯ ವನ್ಯಜೀವಿ ಕೇಂದ್ರದಲ್ಲಿ. ಗೂಡಿನೊಳಗೆ ಕಪ್ಪು ಕಾಲಿನ ಫೆರೆಟ್ (ಅಮೆರಿಕದ ಹುಲ್ಲುಗಾವಲಿನ ಪುಟ್ಟ ಮಾಂಸಾಹಾರಿ ಪ್ರಾಣಿ) ತಾಯಿ, ಅವಳ ಮರಿಗಳು. ನನ್ನ ಗುರಿ ಒಂದೇ. ಪ್ರತಿ ಮರಿಯನ್ನೂ ಬೇರೆಬೇರೆಯಾಗಿ ಗುರುತು ಹಿಡಿದು, ಒಂದೊಂದರ ಮುಖವನ್ನೂ ಬಿಡಿಸಬೇಕು.

ಮೊದಲ ವಾರ

ಪುಸ್ತಕದಲ್ಲಿ ಇರುವುದು ಬರೀ ತಾಯಿಯ ಬೆನ್ನು. ಮರಿಗಳನ್ನು ಬಳಸಿಕೊಂಡು ಮಲಗಿಬಿಟ್ಟರೆ ಕೆಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಹುಟ್ಟಿದ ಮರಿ 10 ಗ್ರಾಂ ಕೂಡ ತೂಗುವುದಿಲ್ಲ. ಕಣ್ಣು ಮುಚ್ಚಿರುತ್ತದೆ, ಮೈಮೇಲೆ ತೆಳುವಾದ ಬಿಳಿ ಕೂದಲು. ತಾಯಿ ಎದ್ದು ಹೋದ ಸ್ವಲ್ಪ ಹೊತ್ತಿನಲ್ಲೇ ಗೆರೆ ಎಳೆದು ಮುಗಿಸಬೇಕು. ಅಷ್ಟರಲ್ಲಿ ಮರಿಗಳು ಒಂದರ ಮೇಲೊಂದು ಹತ್ತಿ ಶ್ಯಾವಿಗೆ ಮುದ್ದೆಯ ಹಾಗೆ ಆಗಿರುತ್ತವೆ. ಯಾವ ಕಾಲು ಯಾರದ್ದು? ಎಣಿಸಿದಾಗಲೆಲ್ಲ ಒಂದೊಂದು ಲೆಕ್ಕ.

ಒಂದು ಅನುಕೂಲ ಇದೆ. ಬೇಸಿಗೆಯಲ್ಲಿ ವರ್ಜೀನಿಯಾ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಫೆರೆಟ್ ಓಡಾಡುವುದು ರಾತ್ರಿ. ಅಲ್ಲಿ ರಾತ್ರಿ ಒಂಬತ್ತೂವರೆ ಆದಾಗ ಮೈಸೂರಿನಲ್ಲಿ ಬೆಳಗ್ಗೆ ಏಳು. ಅವಳು ಚುರುಕಾಗುವ ಹೊತ್ತಿಗೆ ನನ್ನ ಕಾಫಿ ರೆಡಿ. ಅಲ್ಲಿನವರು ನಿದ್ದೆಗೆಟ್ಟು ನೋಡಬೇಕು, ಪಾಪ.

ಅಮ್ಮ ಹಿಂದಿನಿಂದ ಇಣುಕಿ, "ಇದು ಮುಂಗುಸಿ ಅಲ್ವೇನೇ?" ಎಂದರು. ನೋಡಲು ಹಾಗೇ ಇದೆ, ನಿಜ. ಆದರೆ ಮುಂಗುಸಿಯ ಕುಟುಂಬವೇ ಬೇರೆ. ಫೆರೆಟ್‌ಗೆ ನಮ್ಮ ಕಡೆಯ ನೆಂಟ ಅಂದರೆ ತುಂಗಭದ್ರಾ, ಕಾವೇರಿಯಲ್ಲಿರುವ ನೀರುನಾಯಿ. ಆ ಉದ್ದನೆ ಬಳುಕುವ ಬೆನ್ನು ಎರಡಕ್ಕೂ ಇದೆ. ಹಿಂದೆ ನೀರುನಾಯಿ ಬಿಡಿಸಿ ಕೈ ಪಳಗಿತ್ತು, ಹಾಗಾಗಿ ಆ ಗೆರೆ ಸಲೀಸಾಗಿ ಬಂತು.

ಎರಡನೇ ವಾರ

ಮರಿಗಳು ದಪ್ಪಗಾದವು. ಅಷ್ಟೇ.

ಪೆನ್ಸಿಲ್‌ಗೆ ಕೆಲಸ ಇಲ್ಲದ್ದರಿಂದ ಇವುಗಳ ಕಥೆ ಓದಿದೆ. ಕಪ್ಪು ಕಾಲಿನ ಫೆರೆಟ್ ಊಟದಲ್ಲಿ ಶೇ. 90ಕ್ಕಿಂತ ಜಾಸ್ತಿ ಪ್ರೇರಿ ಡಾಗ್. ಅದು ನಾಯಿಯಲ್ಲ, ಹುಲ್ಲುಗಾವಲಿನಲ್ಲಿ ಬಿಲ ತೋಡುವ, ಅಳಿಲಿನ ಬಳಗದ ಪ್ರಾಣಿ. ದನದ ಮೇವು ತಿನ್ನುತ್ತದೆ ಅಂತ ಅದಕ್ಕೆ ಎಲ್ಲೆಡೆ ವಿಷ ಹಾಕಿದರು. ಅದರ ಮೇಲೆ ಚಿಗಟದಿಂದ ಹರಡುವ ಪ್ಲೇಗ್ ಬೇರೆ. ಫೆರೆಟ್ ವಾಸ ಮಾಡುವುದೂ ಪ್ರೇರಿ ಡಾಗ್ ತೋಡಿದ ಬಿಲದಲ್ಲೇ. ಊಟ, ಮನೆ ಎರಡೂ ಒಟ್ಟಿಗೆ ಹೋದವು.

1979ರ ಹೊತ್ತಿಗೆ ಈ ಪ್ರಾಣಿಯ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. 1981ರ ಸೆಪ್ಟೆಂಬರ್‌ನಲ್ಲಿ ವಯೋಮಿಂಗ್‌ನ ಮಿಟೀಟ್ಸಿ ಊರಿನ ಹತ್ತಿರ ಶೆಪ್ ಎಂಬ ಸಾಕುನಾಯಿ ಸತ್ತ ಫೆರೆಟ್ ಒಂದನ್ನು ಮನೆಗೆ ಕಚ್ಚಿ ತಂದಿತು. ಮನೆಯವರು ಅದನ್ನು ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ನಿಲ್ಲಿಸುವವನ ಬಳಿ ಒಯ್ದಾಗಲೇ ಅದು ಏನು ಅಂತ ಗೊತ್ತಾಗಿದ್ದು. ಹುಡುಕಿದರೆ ಸುತ್ತಮುತ್ತ ಒಂದು ಗುಂಪೇ ಸಿಕ್ಕಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಪ್ಲೇಗ್ ಮತ್ತು ಡಿಸ್ಟೆಂಪರ್ ಕಾಯಿಲೆ ಅದನ್ನೂ ಮುಗಿಸುತ್ತಾ ಬಂದವು. 1987ರ ಹೊತ್ತಿಗೆ ಉಳಿದ 18ನ್ನು ಹಿಡಿದು ತಂದರು. ಅದರಲ್ಲಿ ವಂಶ ಮುಂದುವರಿದಿದ್ದು 7ರದ್ದು ಮಾತ್ರ.

ಇದನ್ನು ಓದಿದ ಮೇಲೆ ಚಿತ್ರದ ಕೆಲಸ ಯಾಕೆ ಇಷ್ಟು ಕಷ್ಟ ಅಂತ ಅರ್ಥವಾಯಿತು, ಅಥವಾ ಹಾಗೆ ಸಮಾಧಾನ ಮಾಡಿಕೊಂಡೆ. ಒಂದೇ ತಾಯಿಯ ಮರಿಗಳು ಅನ್ನುವುದು ಇರಲಿ, ಇಡೀ ಜಾತಿಯೇ ಹತ್ತಿರದ ದಾಯಾದಿಗಳು!

ಮೂರನೇ ವಾರ ದಾಟಿ

ಕೊನೆಗೂ ಗುರುತು ಬಂತು. ಬಿಳಿ ಮುಖದಲ್ಲಿ ಕಣ್ಣಿನ ಜಾಗದ ಸುತ್ತ ಬೂದು ನೆರಳು, ಕಾಲುಗಳಲ್ಲೂ ಅದೇ. ದಿನದಿಂದ ದಿನಕ್ಕೆ ಕಪ್ಪಾಗುತ್ತದೆ. ಇಲ್ಲಿಂದ ಬಿಡಿಸುವ ರೀತಿ ಬದಲಾಯಿಸಿದೆ. ಬಿಳಿ ಹಾಳೆಯ ಮೇಲೆ ಗೆರೆ ಎಳೆಯುವುದು ಬಿಟ್ಟು, 6ಬಿ ಪೆನ್ಸಿಲ್ ಪುಡಿಯನ್ನು ಹಾಳೆಗೆಲ್ಲ ಸವರಿ, ಮೆತ್ತನೆ ರಬ್ಬರಿನಿಂದ ಬೆಳಕನ್ನು ಎತ್ತುತ್ತಿದ್ದೇನೆ. ಕ್ಯಾಮೆರಾ ರಾತ್ರಿ ತೋರಿಸುವುದೇ ಕಪ್ಪು-ಬಿಳುಪು ಚಿತ್ರ, ಅದಕ್ಕೆ ಈ ವಿಧಾನ ಸರಿಯಾಗಿ ಹೊಂದುತ್ತದೆ. ಮರಿಯ ಕೂದಲಿನ ಅಂಚು ಗೆರೆಗೆ ಸಿಗುವುದಿಲ್ಲ, ರಬ್ಬರಿಗೆ ಸಿಗುತ್ತದೆ.

ಒಂದರ ಮುಖದ ಪಟ್ಟಿ ಮೂಗಿನ ಮೇಲೆ ತೆಳುವಾಗಿದೆ. ಅದಕ್ಕೆ ಎಳೆಪಟ್ಟಿ ಅಂತ ಹೆಸರಿಟ್ಟೆ. ಇನ್ನೊಂದು ಸದಾ ಗುಂಪಿನ ತಳದಲ್ಲಿ ಸಿಕ್ಕಿಕೊಂಡು ಹೊರಗೆ ತೂರುವುದು. ಅದು ತೂರಪ್ಪ. ಗಂಡೋ ಹೆಣ್ಣೋ, ದೇವರಿಗೇ ಗೊತ್ತು.

ಐದನೇ ವಾರ

ಕಣ್ಣು ಇನ್ನೂ ತೆರೆದಿಲ್ಲ, ಆಗಲೇ ಮಾಂಸಕ್ಕೆ ಜಗಳ! ತಾಯಿ ತುಂಡು ಎಳೆದು ತರುತ್ತಾಳೆ, ಕುರುಡು ಮರಿಗಳು ವಾಸನೆ ಹಿಡಿದು ಕಚ್ಚಿ ಜಗ್ಗುತ್ತವೆ. ದೂರ ತೆವಳಿದವನ ಕತ್ತಿನ ಹಿಂದೆ ಕಚ್ಚಿ ಹಿಡಿದು ದರದರ ಎಳೆದು ತಂದು ಹಾಕುತ್ತಾಳೆ. ಈ ವಾರದ ಪುಟಗಳು ನನಗೆ ಎಲ್ಲಕ್ಕಿಂತ ಇಷ್ಟ. ಹಾಗೇ ಎಳೆದಾಗ ಮರಿಯ ಮೈ ಪೂರ್ತಿ ಚಾಚಿಕೊಳ್ಳುತ್ತದೆ. ಅಳತೆ ಸರಿಯಾಗಿ ಸಿಗುವುದು ಆಗ ಮಾತ್ರ.

ಫೆರೆಟ್ ಮರಿ ಕಣ್ಣು ತೆರೆಯುವುದು ಸುಮಾರು 37ನೇ ದಿನಕ್ಕೆ. ಎಳೆಪಟ್ಟಿಯ ಎಡಗಣ್ಣು ಮೊದಲು ಬಿರಿಯಿತು. ಬಲಗಣ್ಣು ಇನ್ನೂ ಅಂಟಿಕೊಂಡೇ ಇತ್ತು. ಒಂದು ಕಣ್ಣಿನ ಆ ಚಿತ್ರವನ್ನು ತಿದ್ದದೆ ಹಾಗೇ ಇಟ್ಟುಕೊಂಡಿದ್ದೇನೆ.

ಇದೇ ಫ್ರಂಟ್ ರಾಯಲ್ ಕೇಂದ್ರದಲ್ಲಿ 2024ರಲ್ಲಿ ಆಂಟೋನಿಯಾ ಎಂಬ ಫೆರೆಟ್ 3 ಮರಿ ಹಾಕಿತ್ತು, 2 ಉಳಿದವು. ಈ ಆಂಟೋನಿಯಾ, ವಿಲ್ಲಾ ಎಂಬ ಇನ್ನೊಂದು ಫೆರೆಟ್‌ನ ತದ್ರೂಪಿ (ಕ್ಲೋನ್). ವಂಶ ಮುಂದುವರಿದ ಆ 7ರಲ್ಲಿ ವಿಲ್ಲಾ ಒಂದಲ್ಲ. 1988ರಲ್ಲಿ ಶೈತ್ಯದಲ್ಲಿ ಕಾಪಿಟ್ಟ ಅದರ ಜೀವಕೋಶದಿಂದ ಮೊದಲ ತದ್ರೂಪಿ, ಎಲಿಜಬೆತ್ ಆನ್, 2020ರ ಡಿಸೆಂಬರ್‌ನಲ್ಲಿ ಹುಟ್ಟಿತ್ತು. ತದ್ರೂಪಿ ಅಂದರೆ ನನಗೆ ಸುಮ್ನೆ ವಿಜ್ಞಾನದ ಸರ್ಕಸ್ ಅನಿಸುತ್ತಿತ್ತು. ಇಲ್ಲಿ ಲೆಕ್ಕ ಬೇರೆ. ನಕಲು ಮಾಡಿ, ಜಾತಿಯೊಳಗೆ ಎಂಟನೆಯ ಹೊಸ ರಕ್ತ ತರುತ್ತಿದ್ದಾರೆ.

ಮುಂದಿನ ಕೆಲಸ

ಎಳೆಪಟ್ಟಿಯ ಮುಖ ಮುಗಿದಿದೆ, ತೂರಪ್ಪನದು ಮುಕ್ಕಾಲು. ಉಳಿದವು ಇನ್ನೂ ಬರೀ ಮೂಗು. ಕಣ್ಣು ತೆರೆದ ಮೇಲೆ ಮರಿಗಳು ಒಂದು ಕ್ಷಣ ಕೂರುವುದಿಲ್ಲ, ಹಾಗಾಗಿ ಇನ್ನು ಮುಂದೆ ಬಾಲ್ ಪೆನ್ನಿನಲ್ಲಿ ಚಕಚಕ ಗೆರೆ, ರಬ್ಬರ್ ಇಲ್ಲ. 6ಬಿ ಖಾಲಿಯಾಗಿದೆ, ಶನಿವಾರ ಪೇಟೆಗೆ ಹೋದಾಗ ತರಬೇಕು.