ದಾಳಿ ಬಿದ್ದ ಮನೆ, ಕಾನೂನು ಹುಡುಕುವ ಕೈ

ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಒಂದು ಮನೆ ಮೇಲೆ ದಾಳಿ ಆಯಿತೆನ್ನಿ. ಮಾರನೇ ದಿನ ‘ವೇಶ್ಯಾವಾಟಿಕೆ: ಇಬ್ಬರು ಮಹಿಳೆಯರು ವಶಕ್ಕೆ’ ಎಂಬ ತಲೆಬರಹ. ಮನೆ ಯಾರದು, ದುಡ್ಡು ಯಾರ ಕೈ ಸೇರುತ್ತಿತ್ತು ಎನ್ನುವುದು ಕೊನೇ ಸಾಲಿಗೆ, ಅದೂ ಇದ್ದರೆ. ಕಾಯ್ದೆ ಹುಡುಕುವುದು ಮಾತ್ರ ಆ ಕೊನೇ ಸಾಲಿನವರನ್ನೇ.

1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯಲ್ಲಿ (ಠಾಣೆ ಭಾಷೆಯಲ್ಲಿ ಐಟಿಪಿ, ಹಳಬರ ಬಾಯಲ್ಲಿ ಪೀಟಾ) ವಯಸ್ಕ ಹೆಂಗಸು ತನ್ನಿಷ್ಟದಿಂದ ಈ ವೃತ್ತಿ ಮಾಡುವುದೇ ಅಪರಾಧ ಎಂಬ ಸಾಲಿಲ್ಲ. ಅಡ್ಡೆ ನಡೆಸಿದವರಿಗೆ ಮೊದಲ ಸಲ 1ರಿಂದ 3 ವರ್ಷ. ಅವಳ ದುಡಿಮೆಯಲ್ಲಿ ಬದುಕುವವರಿಗೆ 2 ವರ್ಷದವರೆಗೆ. ಅವಳು ಸಿಕ್ಕಿಬೀಳುವುದು 7 ಮತ್ತು 8ನೇ ಕಲಮಿನಲ್ಲಿ: ಬೀದಿಯಲ್ಲಿ ಗಿರಾಕಿ ಕರೆದರೆ, ಇಲ್ಲವೇ ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗಿದ್ದರೆ. ಮಡಿಕೇರಿ ನಕ್ಷೆ ಹಿಡಿದು ಓಂಕಾರೇಶ್ವರ ದೇವಸ್ಥಾನಕ್ಕೊಂದು, ಪ್ರತಿ ಶಾಲೆಗೊಂದು, ಆಸ್ಪತ್ರೆಗೊಂದು ವೃತ್ತ ಎಳೆದು ನೋಡಿ. ಪೇಟೆಯೊಳಗೆ ಉಳಿಯುವ ಜಾಗ ಎಷ್ಟು?

ಇನ್ನೊಂದು ಗಂಟು ‘ಅಡ್ಡೆ’ಯ ವ್ಯಾಖ್ಯೆಯಲ್ಲಿದೆ. ಒಬ್ಬಳೇ ತನಗಾಗಿ ನಡೆಸಿದರೆ ಆ ಕೋಣೆ ಅಡ್ಡೆಯಲ್ಲ. ಪರಸ್ಪರ ಲಾಭಕ್ಕೆ ಇಬ್ಬರು ಸೇರಿದರೆ ಅಡ್ಡೆ. ಜೊತೆಗೊಬ್ಬಳು ಇರಲಿ ಎಂದುಕೊಂಡರೂ ಕೇಸು. ಸುತ್ತ ಕಾಫಿ ತೋಟ, ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆಯಿಲ್ಲ, ಮಳೆಗಾಲದಲ್ಲಿ ನೆಟ್‌ವರ್ಕೂ ಇಲ್ಲ. ಅಂಥಲ್ಲಿ ಒಬ್ಬಳೇ ಇರು ಎಂದಂತಾಯಿತು. ಕಾಯ್ದೆ ಬರೆದವರು ಇದನ್ನು ಯೋಚಿಸಿರಲಾರರು.

ಹೋಂಸ್ಟೇಯನ್ನು ಲೀಸಿಗೆ ಕೊಟ್ಟು ಬೆಂಗಳೂರಲ್ಲಿ ಕೂತವರು 3ನೇ ಕಲಮನ್ನು ಎರಡು ಸಲ ಓದಬೇಕು. ಗೊತ್ತಿದ್ದೂ ಬಿಟ್ಟರೆ ಮಾಲೀಕರಿಗೂ ಜೈಲು. ‘ನನಗೆ ಗೊತ್ತಿರಲಿಲ್ಲ’ ಎನ್ನಲು ಒಂದು ಮಿತಿ ಇದೆ: ನೀವಿರುವ ಊರಿಗೆ ಬರುವ ಪತ್ರಿಕೆಯಲ್ಲಿ ಆ ಕಟ್ಟಡದ ದಾಳಿ ಸುದ್ದಿ ಬಂದರೆ, ಅಥವಾ ಜಪ್ತಿ ಪಟ್ಟಿಯ ನಕಲು ನಿಮ್ಮ ಕೈಗೆ ಕೊಟ್ಟರೆ, ನಿಮಗೆ ತಿಳಿದಿದೆ ಎಂದೇ ಕೋರ್ಟು ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದು. ಆದ್ದರಿಂದ ಪಟ್ಟಿ ಬಂದ ದಿನವೇ ಬಾಡಿಗೆದಾರರಿಗೆ ರಿಜಿಸ್ಟರ್ಡ್ ನೋಟಿಸು ಕಳಿಸಿ, ಠಾಣೆಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಲೀಸು ಬೇಡ. ರಿಜಿಸ್ಟರಿನಲ್ಲಿ ಬುಕ್ ಮಾಡಿದವನದಷ್ಟೇ ಅಲ್ಲ, ತಂಗುವ ಪ್ರತಿಯೊಬ್ಬರ ಗುರುತಿನ ದಾಖಲೆ ಇರಲಿ.

ಪೊಲೀಸರ ಕಡೆ ಕೇಸು 15ನೇ ಕಲಮಿನಲ್ಲಿ ಬಿದ್ದುಹೋಗಬಹುದು. ದಾಳಿಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಜೊತೆಗಿರಬೇಕು. ಮಹಜರಿಗೆ ಸ್ಥಳೀಯ ಸಾಕ್ಷಿಗಳು ಇಬ್ಬರಾದರೂ ಬೇಕು, ಅವರಲ್ಲೊಬ್ಬಳು ಹೆಂಗಸು. ಊರಿನವಳು ಸಿಗದಿದ್ದರೆ ಹೊರಗಿನಿಂದ ಕರೆತರಬಹುದು. ಎಲ್ಲರೂ ಎಲ್ಲರಿಗೂ ಗೊತ್ತಿರುವ ಜಿಲ್ಲೆಯಲ್ಲಿ ಇಂಥ ಮಹಜರಿಗೆ ಸಹಿ ಹಾಕಲು ಯಾರು ಮುಂದೆ ಬರುತ್ತಾರೆ?

19 ಮೇ 2022ರಂದು ಸುಪ್ರೀಂ ಕೋರ್ಟು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ನಿರ್ದೇಶನ ಕೊಟ್ಟಿತು. ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ಕೊಡಗಿನವರೇ ಆದ ಎ.ಎಸ್. ಬೋಪಣ್ಣ. ದಾಳಿಯಲ್ಲಿ ಸಿಕ್ಕ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸಬಾರದು ಎಂದು ಕೋರ್ಟು ನೇಮಿಸಿದ್ದ ಸಮಿತಿ ಶಿಫಾರಸು ಮಾಡಿತ್ತು, ಕೇಂದ್ರ ತಕರಾರು ಎತ್ತಿದ್ದರಿಂದ ಅದು ನಿರ್ದೇಶನವಾಗಲಿಲ್ಲ. ನಿರ್ದೇಶನದ ಪ್ರಕಾರ ಕಾಂಡೋಮನ್ನು ಸಾಕ್ಷ್ಯ ಮಾಡುವಂತಿಲ್ಲ, ಪತ್ರಿಕೆಗಳು ಅವರ ಗುರುತು ಬಯಲು ಮಾಡುವಂತಿಲ್ಲ. ಮುಖಕ್ಕೆ ವೇಲು ಮುಚ್ಚಿಕೊಂಡು ಸಾಲಾಗಿ ನಿಂತವರ ಫೋಟೊ ವಾಟ್ಸಾಪಿನಲ್ಲಿ ಓಡಾಡುವುದು ಮಾತ್ರ ನಿಂತಿಲ್ಲ.

ಬೇರೆ ದೇಶಗಳು ಒಂದೊಂದು ದಾರಿ ಹಿಡಿದಿವೆ. ಸ್ವೀಡನ್ 1999ರಿಂದ ಮಾರುವವಳನ್ನು ಬಿಟ್ಟು ಕೊಳ್ಳುವವನನ್ನು ಶಿಕ್ಷಿಸುತ್ತದೆ, ನ್ಯೂಜಿಲೆಂಡ್ 2003ರಲ್ಲಿ ವೃತ್ತಿಯನ್ನೇ ಅಪರಾಧದಿಂದ ಹೊರತಂದಿತು. ನಮ್ಮದು ಎರಡೂ ಅಲ್ಲ.

ರಕ್ಷಿಸಿ ಕರೆತಂದವಳ ಮುಂದಿನ ದಾರಿ 17ನೇ ಕಲಮಿನಲ್ಲಿದೆ. ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡುವಾಗ ಮೂರು ವಾರದವರೆಗೆ ಇರಿಸಿಕೊಳ್ಳಬಹುದು. ಆಮೇಲೆ ಬೇಕೆನಿಸಿದರೆ ರಕ್ಷಣಾ ಗೃಹಕ್ಕೆ. ಉಚಿತ ವಕೀಲರಿಗಾಗಿ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬೇಕಾದ ಹೊತ್ತು ಈ ಮೂರು ವಾರವೇ. ಏಕೆಂದರೆ ಗೃಹದ ಅವಧಿ ಕನಿಷ್ಠ 1 ವರ್ಷ, ಗರಿಷ್ಠ 3. ಅಡ್ಡೆ ನಡೆಸಿದವನಿಗೆ ಮೊದಲ ಸಲ ಬೀಳುವಷ್ಟೇ.