ಒಂದೇ ಒಂದು ಅಲೆಗೋಸ್ಕರ ಅಷ್ಟು ದೂರ ಹೋಗ್ತೀಯಾ?

ಊರಿಗೆ ಹೋದಾಗ, ಆಫೀಸಲ್ಲಿ ಸೋಮವಾರ ಬೆಳಗ್ಗೆ ಕಾಫಿ ಮಷಿನ್ ಹತ್ರ, ಈಗೀಗ ಹೆಂಡತಿ ಕಡೆ ನೆಂಟರ ಮದುವೆಯಲ್ಲೂ ನಂಗೆ ಎದುರಾಗುವ ಪ್ರಶ್ನೆ ಒಂದೇ. ಸಮುದ್ರದಲ್ಲಿ ಬೇಕಾದಷ್ಟು ಅಲೆ ಉಂಟಲ್ಲ ಮಾರಾಯ, ನೀನು ಸರ್ಫಿಂಗ್ ಬೋರ್ಡ್ ಹಿಡ್ಕೊಂಡು ಹೊಳೆಗೆ ಹೋಗಿ ಚಳಿಯಲ್ಲಿ ಒಂದೇ ಒಂದು ಅಲೆಗೆ ಕಾಯೋದು ಯಾಕೆ?

ಅದಕ್ಕೂ ಮೊದಲು ಇನ್ನೊಂದು ಗೊಂದಲ ಉಂಟು, ಅದನ್ನು ಮುಗಿಸಿಬಿಡ್ತೇನೆ. ಉಬ್ಬರದ ಹೊತ್ತಿಗೆ ಸಮುದ್ರದಿಂದ ಹೊಳೆಯೊಳಗೆ ಮೇಲಕ್ಕೆ ನುಗ್ಗುವ ಈ ಅಲೆಗೆ ಇಂಗ್ಲಿಷಲ್ಲಿ ಟೈಡಲ್ ಬೋರ್ ಅಂತಾರೆ, ಇಲ್ಲಿ ಇಂಗ್ಲೆಂಡಲ್ಲಿ ಎಲ್ಲರೂ ಬರೀ ಬೋರ್ ಅಂತಾರೆ. ಒಂದ್ಸಲ ಫೋನಲ್ಲಿ ಚಿಕ್ಕಪ್ಪನಿಗೆ "ಬೋರ್ ನೋಡ್ಲಿಕ್ಕೆ ಹೋಗಿದ್ದೆ" ಅಂದೆ, ಅವರು ತುಂಬ ಸೀರಿಯಸ್ಸಾಗಿ "ಎಷ್ಟು ಅಡಿಗೆ ನೀರು ಸಿಕ್ಕಿತು?" ಅಂತ ಕೇಳಿದ್ರು. ಅವರ ತೋಟದಲ್ಲಿ ಆ ವರ್ಷ ಎರಡು ಬೋರ್ ಫೇಲ್ ಆಗಿತ್ತು ಪಾಪ.

ನಾನು ಬೋರ್ಡ್ ಮೇಲೆ ನಿಲ್ಲೋದು ಕಲಿತದ್ದು ಮೂಲ್ಕಿಯಲ್ಲಿ, ಶಾಂಭವಿ ನಂದಿನಿ ಎರಡೂ ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಸಸಿಹಿತ್ಲು ಹತ್ರ. ಅಲ್ಲಿ ಅಳಿವೆಯ ಪಕ್ಕದಲ್ಲೇ ವರ್ಷಗಟ್ಲೆ ಇದ್ದರೂ ಹೊಳೆಯೊಳಗೆ ಅಲೆ ಹೋಗುದು ನಾನು ನೋಡಿದ್ದೇ ಇಲ್ಲ. ಉಬ್ಬರ ಬಂದಾಗ ನೀರು ಮೇಲೆ ಹತ್ತುತ್ತೆ ಹೌದು, ಬೇಸಿಗೆಯಲ್ಲಿ ಹೊಳೆ ಬದಿಯ ಬಾವಿ ನೀರು ಉಪ್ಪಾಗುದು ಎಲ್ಲರಿಗೂ ಗೊತ್ತು, ಆದ್ರೆ ಅದು ಸದ್ದಿಲ್ಲದೆ ಬರುವ ನೀರು. ಕಾರಣ ಸಿಂಪಲ್, ನಮ್ಮ ಮಂಗಳೂರು ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು, ಅದು ಅಲೆಯಾಗಿ ನಿಲ್ಲಲಿಕ್ಕೆ ಏನೇನೂ ಸಾಲದು.

ಈಗ ನಾನಿರುವ ಬ್ರಿಸ್ಟಲ್ ಹತ್ರ ಸೆವೆರ್ನ್ ಅಂತ ನದಿ ಉಂಟು, ಅದರ ಅಳಿವೆಯಲ್ಲಿ ದೊಡ್ಡ ಉಬ್ಬರದ ದಿನ ಈ ವ್ಯತ್ಯಾಸ 14 ಮೀಟರ್ ಮುಟ್ಟುತ್ತೆ, ಅಂದ್ರೆ ನಾಲ್ಕು ಮಾಳಿಗೆ ಮನೆಯಷ್ಟು. ಮತ್ತೆ ಅಳಿವೆ ಇರುದು ಎಣ್ಣೆ ಹಾಕುವ ಫನೆಲ್ ಹಾಗೆ. ಏವನ್‌ಮೌತ್ ಹತ್ರ 8 ಕಿ.ಮೀ ಅಗಲ ಇದ್ದದ್ದು ಮಿನ್‌ಸ್ಟರ್‌ವರ್ತ್ ಅನ್ನುವ ಹಳ್ಳಿಗೆ ಬರುವಾಗ ನೂರು ಗಜವೂ ಇಲ್ಲ, ತಳವೂ ಮೇಲೆ ಮೇಲೆ ಬರುತ್ತೆ, ಅಷ್ಟೂ ಸಮುದ್ರದ ನೀರು ಅದರೊಳಗೆ ನುಗ್ಗಬೇಕು. ನೀರು ಆಳ ಇದ್ದಲ್ಲಿ ಅಲೆಗೆ ಓಟ ಜಾಸ್ತಿ, ತೆಳು ಇದ್ದಲ್ಲಿ ಕಮ್ಮಿ. ಹಾಗಾಗಿ ಮುಂದೆ ಹೋಗುವ ಉಬ್ಬರದ ತುದಿ ತೆಳು ಹೊಳೆಯ ಮೇಲೆ ಏದುಸಿರು ಬಿಡ್ತಾ ಹೋಗ್ತಿದ್ರೆ, ಹಿಂದಿಂದ ಬರುವ ಆಳದ ನೀರು ಬೇಗ ಬಂದು ಅದಕ್ಕೆ ಗುದ್ದುತ್ತೆ, ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಹಿಂದೆ ಬಸ್ಸು ಕಾರು ಎಲ್ಲ ಒತ್ತಿಕೊಂಡು ನಿಲ್ತಾವಲ್ಲ ಹಾಗೆ. ಒತ್ತಿ ಒತ್ತಿ ಕೊನೆಗೆ ಗೋಡೆ ಥರ ಎದ್ದು ನಿಲ್ಲುದೇ ಬೋರ್. ಸುಮ್ಮನೆ ಸಮುದ್ರದ ಕಡೆ ಹರೀತಾ ಇದ್ದ ಹೊಳೆ ಅದು ದಾಟಿದ ಕ್ಷಣದಲ್ಲಿ ಯು ಟರ್ನ್ ಹೊಡೆದು ಮೇಲಕ್ಕೆ ಹರಿಯುತ್ತೆ. ಮೊದಲ ಸಲ ನೋಡಿದಾಗ ನಂಗೆ ಅಲೆಗಿಂತ ಅದೇ ಹೆಚ್ಚು ಹೆದರಿಕೆ ಆದದ್ದು.

ಒಂದು ಉಬ್ಬರಕ್ಕೆ ಬರುದು ಒಂದೇ ಸಲ. ಅದರ ಹಿಂದೆ ಮರಿ ಅಲೆಗಳ ಸಾಲು ಇರ್ತದೆ, ಕೆಲವೊಮ್ಮೆ ಎರಡನೆಯದ್ದೋ ಮೂರನೆಯದ್ದೋ ಮೊದಲನೆಯದ್ದಕ್ಕಿಂತ ದೊಡ್ಡದು ಇರುದೂ ಉಂಟು, ಆದ್ರೆ ಆ ಸಾಲು ದಾಟಿ ಹೋಯ್ತಾ, ಮತ್ತೆ ಹನ್ನೆರಡು ಗಂಟೆ ಕಾಯಿರಿ. ಅದೂ ಸವಾರಿ ಮಾಡುವಂಥದ್ದು ದಿನಾ ಬರುದಿಲ್ಲ. ಅಮಾವಾಸ್ಯೆ ಹುಣ್ಣಿಮೆ ಕಳೆದು ಒಂದರಿಂದ ಮೂರು ದಿನದೊಳಗೆ, ಅದರಲ್ಲೂ ಹಗಲು ರಾತ್ರಿ ಸಮ ಇರುವ ಮಾರ್ಚ್ ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ. ಒಂದು ಸ್ಟಾರಿಂದ ಐದು ಸ್ಟಾರ್ ತನಕ ರೇಟಿಂಗ್ ಹಾಕಿ ವರ್ಷಕ್ಕೆ ಮೊದಲೇ ಟೈಮ್ ಟೇಬಲ್ ಬರುತ್ತೆ, ಬಸ್ಸಿನ ಥರ. ನಮ್ಮ ಮನೆಯಲ್ಲಿ ಕ್ಯಾಲೆಂಡರ್ ನೋಡಿ ತಿಥಿ ಗೊತ್ತು ಮಾಡುವ ಕೆಲಸ ಈಗ ನಂದೇ, ಅಮ್ಮನಿಗೆ ಅದೊಂದು ಸಮಾಧಾನ, ಮಗ ಇಂಗ್ಲೆಂಡಿಗೆ ಹೋಗಿ ಅಮಾವಾಸ್ಯೆ ಮರೀಲಿಲ್ಲ ಅಂತ.

ಹೀಗೆ ಕಾದು ಮೊದಲು ಇದರ ಮೇಲೆ ಬೋರ್ಡ್ ಹಾಕಿದ ಮನುಷ್ಯನ ಹೆಸರು ಜ್ಯಾಕ್ ಚರ್ಚಿಲ್, 1955ರ ಜುಲೈಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಎಲ್ಲರ ಕೈಯಲ್ಲಿ ಬಂದೂಕು ಇದ್ದಾಗ ಬಿಲ್ಲು ಬಾಣ ಖಡ್ಗ ಹಿಡ್ಕೊಂಡು ಹೋದ ಬ್ರಿಟಿಷ್ ಆಫೀಸರ್ ಆತ, ಮ್ಯಾಡ್ ಜ್ಯಾಕ್ ಅಂತಲೇ ಹೆಸರು. ತಾನೇ ಮಾಡಿಕೊಂಡ ಬೋರ್ಡಲ್ಲಿ ಒಂದು ಮೈಲಿಗಿಂತ ಜಾಸ್ತಿ ಹೋದ. ಇಂಥ ಹುಚ್ಚಿಗೆ ಇಂಥ ಮೂಲಪುರುಷನೇ ಸರಿ ಅನ್ಸುತ್ತೆ. ಆಮೇಲೆ 2006ರಲ್ಲಿ ಸ್ಟೀವ್ ಕಿಂಗ್ ಅನ್ನುವ ಸರ್ಫರ್ ಇದೇ ಸೆವೆರ್ನಲ್ಲಿ ಸುಮಾರು 12 ಕಿ.ಮೀ ಹೋದರು. ಸಮುದ್ರದಲ್ಲಿ ನಂಗೆ ಸಿಕ್ಕ ಅತಿ ಉದ್ದದ ಸವಾರಿ ಇಪ್ಪತ್ತು ಸೆಕೆಂಡ್ ಇರಬಹುದು, ಅದನ್ನೇ ನಾನು ಹತ್ತು ಜನರಿಗೆ ಹೇಳಿದ್ದೆ.

ನನ್ನ ಲೆಕ್ಕ ಹೇಳ್ತೇನೆ, ನಗಬೇಡಿ. ನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಹೊಳೆಗೆ ಇಳಿದಿದ್ದೇನೆ, ಸರಿಯಾಗಿ ಎದ್ದು ನಿಂತದ್ದು ಮೂರು ಸಲ. ಮೊದಲ ಸಲ ನ್ಯೂನ್‌ಹ್ಯಾಮ್ ಹತ್ರ ಕಂದು ಬಣ್ಣದ ನೀರಲ್ಲಿ ಬೋರ್ಡ್ ಮೇಲೆ ಮಲಗಿ ಕಾಯ್ತಾ ಇದ್ದೆ, ದೂರದಿಂದ ಒಂದು ಸದ್ದು, ಗಾಳಿಮಳೆ ತೋಟದ ಮೇಲೆ ಬರುವಾಗ ಅಡಿಕೆ ಮರದ ತಲೆಗಳಲ್ಲಿ ಬರ್ತದಲ್ಲ ಅದೇ ಥರ, ಆಮೇಲೆ ಬಿಳಿ ಗೆರೆ ಕಂಡಿತು, ಅಕ್ಕಪಕ್ಕದ ನಲ್ವತ್ತು ಜನ ಒಟ್ಟಿಗೆ ಕೈ ಬೀಸ್ಲಿಕ್ಕೆ ಶುರು ಮಾಡಿದ್ರು, ಯಾರದ್ದೋ ಬೋರ್ಡ್ ನನ್ನ ಮೊಣಕಾಲಿಗೆ ಬಡಿಯಿತು, ನಾನು ತಿರುಗಿ ನೋಡುವಷ್ಟರಲ್ಲಿ ಅಲೆ ನನ್ನ ಅಡಿಯಿಂದ ದಾಟಿ ಅವರನ್ನೆಲ್ಲ ಎತ್ತಿಕೊಂಡು ಹೋಗಿತ್ತು. ಒಟ್ಟು ಆರು ಸೆಕೆಂಡ್. ಆಮೇಲೆ ಮೇಲಕ್ಕೆ ಹರಿಯುವ ನೀರಲ್ಲಿ ಮರದ ದಿಮ್ಮಿಗಳ ಜೊತೆ ನಾನೂ ತೇಲಿಕೊಂಡು ಹೋಗಿ, ಸೊಂಟದ ತನಕ ಕೆಸರಲ್ಲಿ ಹೂತು, ತುರಿಕೆ ಗಿಡದ ಪೊದೆ ದಾಟಿ ಯಾರದ್ದೋ ದನದ ಹಟ್ಟಿ ಹಿಂದೆ ಹತ್ತಿದೆ. ಕಾರಿದ್ದದ್ದು ಮೂರು ಮೈಲಿ ಹಿಂದೆ. ಬರಿಗಾಲಲ್ಲಿ ಬೋರ್ಡ್ ಹೊತ್ತು ರಸ್ತೆಯಲ್ಲಿ ನಡೆದುಕೊಂಡು ಬರುವಾಗ ಆ ಪ್ರಶ್ನೆಯನ್ನು ನಾನೇ ನಂಗೆ ಕೇಳಿಕೊಂಡೆ.

ಮತ್ತೆ ಯಾಕೆ ಹೋಗ್ತೇನೆ ಅಂದ್ರೆ, ಸಮುದ್ರದ ಅಲೆ ತಪ್ಪಿದ್ರೆ ಹಿಂದೆ ಇನ್ನೊಂದು ಬರ್ತಾ ಇರ್ತದೆ, ಹಾಗಾಗಿ ತಪ್ಪಿದ್ದು ತಲೆಯಲ್ಲಿ ಉಳಿಯುದೇ ಇಲ್ಲ. ಹೊಳೆಯದ್ದು ಹಾಗಲ್ಲ. ಹನ್ನೊಂದು ಅಲೆಗಳೂ ನಂಗೆ ಒಂದೊಂದಾಗಿ ನೆನಪುಂಟು, ದಿನ, ಚಳಿ, ಪಕ್ಕದಲ್ಲಿ ಇದ್ದವರ ಮುಖ ಸಮೇತ.

ಇನ್ನೊಂದು ಕಾರಣ, ಇವು ಸಾಯ್ತವೆ. ಫ್ರಾನ್ಸಿನ ಸೇನ್ ನದಿಯಲ್ಲಿ ದೊಡ್ಡ ಬೋರ್ ಇತ್ತು, ಹಡಗು ಓಡಾಡ್ಲಿಕ್ಕೆ ಹೂಳೆತ್ತಿ ದಂಡೆ ಕಟ್ಟಿ 1960ರ ದಶಕದಲ್ಲಿ ಅದು ಹೋಯ್ತು, ಈಗ ಅಲ್ಲಿನವರು ದೋರ್ದೋಞ್ ನದಿಗೆ ಹೋಗ್ತಾರೆ. ಬ್ರೆಜಿಲಲ್ಲಿ ಬೋರಿಗೆ ಪೊರೊರೊಕಾ ಅಂತಾರೆ, ತುಪಿ ಭಾಷೆಯಲ್ಲಿ ದೊಡ್ಡ ಮೊರೆತ ಅಂತ ಅರ್ಥವಂತೆ. ಅದರಲ್ಲಿ ಅತಿ ಪ್ರಸಿದ್ಧವಾಗಿದ್ದ ಅರಗುವಾರಿ ನದಿಯದ್ದು 2010ರ ದಶಕದಲ್ಲಿ ನಿಂತೇ ಹೋಯ್ತು. ಅಣೆಕಟ್ಟು ಒಂದು ಕಡೆ, ಇನ್ನೊಂದು ಕಡೆ ಎಮ್ಮೆ ಸಾಕಣೆ. ಸಾವಿರಾರು ಎಮ್ಮೆ ಓಡಾಡಿದ ದಾರಿಯೇ ಕಾಲುವೆಯಾಗಿ ಹೊಳೆ ನೀರು ಬೇರೆ ದಿಕ್ಕಿಗೆ ಹರಿದು, ಅಳಿವೆಯಲ್ಲಿ ಹೂಳು ತುಂಬಿತು. ಎಮ್ಮೆ ಒಂದು ಅಲೆಯನ್ನು ನಿಲ್ಲಿಸ್ಬಹುದು ಅಂತ ಯಾರಿಗೆ ಗೊತ್ತಿತ್ತು.

ವಾಪಸ್ ಬಂದ ಅಲೆಯೂ ಉಂಟು, ನಂಗೆ ಇದು ತುಂಬ ಇಷ್ಟದ ಕಥೆ. ಕೆನಡಾದ ಮಾಂಕ್ಟನ್ ಊರಲ್ಲಿ ಪೆಟಿಕೋಡಿಯಾಕ್ ಅಂತ ಕೆಸರು ಹೊಳೆ, ಬಣ್ಣ ನೋಡಿ ಅಲ್ಲಿನವರು ಚಾಕೊಲೇಟ್ ರಿವರ್ ಅಂತಾರೆ. 1968ರಲ್ಲಿ ಅಡ್ಡಕ್ಕೆ ಗೇಟಿನ ಕಟ್ಟೆ ಕಟ್ಟಿ ಮೇಲೆ ರಸ್ತೆ ಮಾಡಿದ್ರು, ಹೂಳು ತುಂಬಿ ಹೊಳೆ ಸಪೂರ ಆಗಿ ಬೋರ್ ಇದ್ದೂ ಇಲ್ಲದ ಹಾಗಾಯ್ತು. ಜನ ಬಹಳ ವರ್ಷ ಗಲಾಟೆ ಮಾಡಿದ ಮೇಲೆ 2010ರ ಏಪ್ರಿಲಲ್ಲಿ ಗೇಟ್ ತೆರೆದರು. ಉಪ್ಪು ನೀರು ಒಳಗೆ ಬಂತು, ಹೂಳು ಕೊಚ್ಚಿಕೊಂಡು ಹೋಯ್ತು, ಅಲೆ ಮತ್ತೆ ಬೆಳೀತು. 2013ರ ಜುಲೈಯಲ್ಲಿ ಇಬ್ಬರು ಸರ್ಫರ್‌ಗಳು ಅದೇ ಹೊಳೆಯಲ್ಲಿ 29 ಕಿ.ಮೀ ಹೋದ್ರು! ಅಂದ್ರೆ ಹೆಚ್ಚುಕಡಿಮೆ ಮಂಗಳೂರಿಂದ ಮೂಲ್ಕಿಗೆ, ಒಂದೇ ಅಲೆಯ ಮೇಲೆ. ಅಲ್ಲಿಗೆ ಒಮ್ಮೆ ಹೋಗ್ಬೇಕು ಅಂತ ದುಡ್ಡು ಕೂಡಿಡ್ತಾ ಇದ್ದೇನೆ, ಹೆಂಡತಿಗೆ ಇನ್ನೂ ಹೇಳಿಲ್ಲ.

ಇಂಡಿಯಾದಲ್ಲಿ ಇಲ್ವಾ ಅಂತ ಕೇಳ್ತಾರೆ. ಉಂಟು. ಕೋಲ್ಕತ್ತಾದ ಹೂಗ್ಲಿಯಲ್ಲಿ ಬರ್ತದೆ, ಬಂಗಾಳಿಗಳು ಬಾನ್ ಅಂತಾರೆ, ದೊಡ್ಡದಕ್ಕೆ ಗೂಳಿಗಳ ಕಾದಾಟದ ಹೆಸರು ಇಟ್ಟಿದ್ದಾರೆ. ಘಾಟಿಗೆ ಕಟ್ಟಿದ ದೋಣಿಗಳನ್ನು ಬಿಚ್ಚಿ ನಡು ಹೊಳೆಗೆ ತಗೊಂಡು ಹೋಗ್ತಾರೆ, ದಡದಲ್ಲೇ ಅದು ಜಾಸ್ತಿ ಒಡೆಯುದು ಅಂತ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲೂ ಉಬ್ಬರ ದೊಡ್ಡದು, ಭರೂಚಿಗೆ ವ್ಯಾಪಾರಕ್ಕೆ ಬಂದ ಗ್ರೀಕ್ ನಾವಿಕನೊಬ್ಬ ನರ್ಮದೆಯ ಉಬ್ಬರಕ್ಕೆ ಹೆದರಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಬರೆದಿಟ್ಟಿದ್ದಾನೆ. ಎಲ್ಲಕ್ಕಿಂತ ದೊಡ್ಡದು ಚೀನಾದ ಹಾಂಗ್‌ಝೌ ಹತ್ರ ಕಿಯಾನ್‌ಟಾಂಗ್ ನದಿಯದ್ದು, ಅವರ ಎಂಟನೇ ತಿಂಗಳ ಹದಿನೆಂಟನೇ ದಿನ ಅದನ್ನು ನೋಡ್ಲಿಕ್ಕೇ ಜಾತ್ರೆ. ಅಲ್ಲಿ ನಂಗೆ ಇಳಿಯುವ ಆಸೆ ಇಲ್ಲ, ಇಳೀಲಿಕ್ಕೆ ಬಿಡುದೂ ಇಲ್ಲ.

ನಾವೂ ಬರ್ಬಹುದಾ ಅಂತ ಈ ದೇಶದಲ್ಲಿರುವ ಕನ್ನಡದವರು ಕೇಳ್ತಾರೆ. ಬನ್ನಿ, ಆದ್ರೆ ಮೊದಲ ಸಲ ದಡದಲ್ಲಿ ನಿಂತು ನೋಡಿ. ಮಿನ್‌ಸ್ಟರ್‌ವರ್ತಲ್ಲಿ ನೋಡಿ ಕಾರ್ ಹತ್ತಿದ್ರೆ, ಹೊಳೆ ಸುತ್ತಿಕೊಂಡು ಬರುವಷ್ಟರಲ್ಲಿ ಓವರ್ ಅನ್ನುವ ಹಳ್ಳಿಯ ಸೇತುವೆ ಹತ್ರ ಅದೇ ಅಲೆಯನ್ನು ಇನ್ನೊಮ್ಮೆ ನೋಡ್ಬಹುದು, ಪಾರ್ಕಿಂಗ್ ಸಿಕ್ಕಿದ್ರೆ. ನೀರಿಗೆ ಇಳಿಯುದೇ ಆದ್ರೆ ಉದ್ದದ ದಪ್ಪ ಬೋರ್ಡ್ ತನ್ನಿ, ಗೊತ್ತಿರುವವರ ಜೊತೆಗೇ ಇಳಿಯಿರಿ, ಕೈಕಾಲಲ್ಲಿ ಗಾಯ ಇದ್ರೆ ಬೇಡವೇ ಬೇಡ, ಇಲ್ಲಿನ ಹೊಳೆಯಲ್ಲೂ ನಮ್ಮ ಊರಿನ ಹಾಗೇ ಇಲಿ ಜ್ವರ ಉಂಟು. ಮತ್ತೆ ದಡದಲ್ಲಿ ನಿಲ್ಲುವವರು ಅಲೆ ದಾಟಿತು ಅಂತ ಕೂಡ್ಲೇ ಕೆಳಗೆ ಇಳೀಬೇಡಿ, ನೀರು ಏರುದು ಆಮೇಲೆಯೇ. ಹೋದ ಮಾರ್ಚಲ್ಲಿ ಒಬ್ಬರು ಸೆಲ್ಫಿ ತೆಗೀಲಿಕ್ಕೆ ಇಳಿದು ಎರಡೂ ಶೂ ಕಳ್ಕೊಂಡು ನನ್ನ ಕಾರಲ್ಲಿ ಪ್ಲಾಸ್ಟಿಕ್ ಕವರ್ ಹಾಸಿ ಕೂತು ಮನೆಗೆ ಹೋದ್ರು.