ಸರಕು ಶೆಡ್ಡಿನ ತಗಡಿನ ಛಾವಣಿಗೆ ಕೊನೆಗೂ ಅಲೆ ಬಂತು

ನಾನು ಕಟ್ಟುತ್ತಿರುವ ಸರಕು ಶೆಡ್ಡಿನ ಪುಟ್ಟ ಮಾದರಿಯಲ್ಲಿ ಗೋಡೆ, ಬಾಗಿಲು, ತೊಲೆಗಳ ಕೆಲಸ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ನೇರವಾಗಿ ಛಾವಣಿಗೆ ಬರುತ್ತೇನೆ. ಮಾದರಿ ಸಾಮಗ್ರಿಯ ವ್ಯಾಪಾರಿಯೊಬ್ಬರು ‘ಕಾರುಗೇಟೆಡ್’ (ಅಲೆಅಲೆಯಾದದ್ದು) ಎಂದು ಚೀಟಿ ಅಂಟಿಸಿ ಕಳುಹಿಸಿದ ಪ್ಲಾಸ್ಟಿಕ್ ಹಾಳೆಯ ಮೇಲ್ಮೈಯಲ್ಲಿ ಏಣುಗಳಿದ್ದರೂ ತಳ ಸಪಾಟಾಗಿತ್ತು. ಮೇಲಿನ ಉಬ್ಬು ಕೆಳಗಿನಿಂದ ತಗ್ಗಾಗಿ ಕಾಣಬೇಕು, ದಪ್ಪ ಎಲ್ಲೆಡೆ ಒಂದೇ ಇರಬೇಕು. ಆಗ ಮಾತ್ರ ಅದು ಕಾರುಗೇಟೆಡ್. ಲಂಡನ್ನಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಪೇಟೆಂಟ್ ಪಡೆದ ತಗಡಿನ ಬಲವಿರುವುದೂ ಈ ಅಲೆಯಲ್ಲೇ. ಸಪಾಟು ತಳದ ಹಾಳೆಯ ಸುಳ್ಳು ಸೂರಿನ ಅಂಚಿನಲ್ಲಿ ತಕ್ಷಣ ಬಯಲಾಗುತ್ತದೆ.

ನಿಜವಾದ ತಗಡಿನಲ್ಲಿ ಅಲೆಯಿಂದ ಅಲೆಗೆ 3 ಅಂಗುಲ, ಆಳ ಮುಕ್ಕಾಲು ಅಂಗುಲ. ನನ್ನ ಮಾದರಿಯ 1:87ರ ಅಳತೆಯಲ್ಲಿ, ಅಂದರೆ ನಿಜದ 87ನೇ ಒಂದು ಭಾಗದಲ್ಲಿ, ಅವು 0.88 ಮತ್ತು 0.22 ಮಿ.ಮೀ. ಆಗುತ್ತವೆ. ಅಂಗುಲಕ್ಕೆ 28 ಸುತ್ತಿನ ಥ್ರೆಡ್ ಇರುವ ರಾಡ್‌ನ ಪಿಚ್ (ಸುತ್ತಿನಿಂದ ಸುತ್ತಿಗೆ ಇರುವ ದೂರ) 0.907 ಮಿ.ಮೀ. ಇರುವುದರಿಂದ, ಅಂತಹ ಎರಡು ರಾಡ್‌ಗಳ ನಡುವೆ ಫಾಯಿಲ್ (ತೆಳು ಲೋಹದ ಹಾಳೆ) ಹಾಯಿಸುವ ಉಪಾಯ ಆಕರ್ಷಕವಾಗಿ ಕಾಣುತ್ತದೆ. ಆದರೆ ಎರಡೂ (ಬಲಕ್ಕೆ ತಿರುಗಿಸಿದರೆ ಬಿಗಿಯುವ) ಬಲಗೈ ಥ್ರೆಡ್‌ಗಳಾದರೆ, ಎದುರುಬದುರಾಗಿ ತಿರುಗುವಾಗ ಒಂದರ ಏಣು ಎಡಕ್ಕೂ ಇನ್ನೊಂದರದು ಬಲಕ್ಕೂ ಸರಿಯುತ್ತ, ಏಣಿಗೆ ಏಣು ಡಿಕ್ಕಿ ಹೊಡೆದು ಫಾಯಿಲ್ ಹರಿದುಹೋಗುತ್ತದೆ. ಒಂದಾದರೂ ಎಡಗೈ ಥ್ರೆಡ್ ಬೇಕೆಂದು ಕೇಳಿದಾಗ ಹಾರ್ಡ್‌ವೇರ್ ಅಂಗಡಿಯವರು ಬಲಗೈಯದನ್ನೇ ಕೊಟ್ಟು, “ತಲೆಕೆಳಗು ಮಾಡಿ ಹಾಕಿ ಸಾರ್, ಎಡಗೈ ಆಗುತ್ತದೆ” ಎಂದರು. ರಾಡನ್ನು ಹೇಗೆ ತಿರುವಿ ಹಿಡಿದರೂ ಥ್ರೆಡ್‌ನ ಕೈ ಬದಲಾಗುವುದಿಲ್ಲ.

ಆದ್ದರಿಂದ ಥ್ರೆಡ್ಡನ್ನೇ ಕೈಬಿಟ್ಟು, ಎರಡು ಹಿತ್ತಾಳೆ ರಾಡ್‌ಗಳ ಮೇಲೆ, ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರವಾದ ಲೇತ್‌ನಲ್ಲಿ ಬಿಡಿಬಿಡಿ ಉಂಗುರಗಳಂತಹ ತೋಡುಗಳನ್ನು ಕೊರೆದೆ; ಕೊರೆಯುವ ಉಳಿ ಹೊತ್ತ ಸ್ಲೈಡನ್ನು ಪ್ರತಿ ಸಲವೂ ಒಂದೇ ದಿಕ್ಕಿನಿಂದ 0.88 ಮಿ.ಮೀ. ಸರಿಸಿದ್ದರಿಂದ ಅದನ್ನು ಸರಿಸುವ ಸ್ಕ್ರೂವಿನ ಸಡಿಲು ಲೆಕ್ಕಕ್ಕೆ ಬರಲಿಲ್ಲ. ಹೀಗೆ ತಯಾರಾದ ಎರಡು ರೋಲರುಗಳಲ್ಲಿ ಒಂದನ್ನು ಅರ್ಧ ಪಿಚ್ ಪಕ್ಕಕ್ಕೆ ಕೂರಿಸಿದಾಗ ಏಣು ತೋಡಿನೊಳಗೆ ಇಳಿಯಿತು. ಆದರೂ ಅಗಲವಾದ ಹಾಳೆ ನಡುವೆ ಸೀಳುತ್ತಲೇ ಇತ್ತು, ಏಕೆಂದರೆ ಅಲೆ ಮೂಡುವಾಗ ಅಗಲ ಸುಮಾರು ಏಳನೇ ಒಂದು ಭಾಗ ಕುಗ್ಗಬೇಕಾಗುತ್ತದೆ ಮತ್ತು ಸುತ್ತಲಿನ ತೋಡುಗಳು ಹಿಡಿದುಕೊಂಡ ಫಾಯಿಲ್‌ಗೆ ನಡುವಿಗೆ ಸರಿಯಲು ದಾರಿಯಿರುವುದಿಲ್ಲ. ಹತ್ತು ಅಲೆಗಳಷ್ಟೇ ಅಗಲದ ಪಟ್ಟಿಗಳನ್ನು ಹಾಯಿಸಿದಾಗ ಸೀಳು ನಿಂತಿತು. ನಿಜವಾದ ತಗಡೂ ಹತ್ತು ಅಲೆಯದ್ದು ಸಿಗುವುದರಿಂದ ಒಂದರ ಮೇಲೊಂದು ಹೊದಿಸುವ ಜೋಡಣೆಯೂ ಸಹಜವಾಗಿ ದೊರೆಯಿತು. ಅಡುಗೆಮನೆಯ ಫಾಯಿಲ್ ಬೆರಳು ತಗುಲಿದರೆ ನಲುಗುತ್ತದೆ, ತಂಪು ಪಾನೀಯದ ಕ್ಯಾನಿನ ತಗಡು ಮತ್ತೆ ನೆಟ್ಟಗಾಗುತ್ತದೆ. ಊಟ ಕಟ್ಟಿಕೊಡುವ ಅಲ್ಯೂಮಿನಿಯಂ ಟ್ರೇಯ ತಳವೇ ಸರಿಯಾದದ್ದು.

ಇದೇ ಚೌಕಟ್ಟಿಗೆ ಮುಂದಿನ ಜೋಡಿ ರೋಲರ್ ಕಲ್ನಾರು ಶೀಟಿನದು. ಅದರ ಪಿಚ್ 146 ಮಿ.ಮೀ., ಆಳ 48. ಅಂದರೆ ನಮ್ಮ ಅಳತೆಯಲ್ಲಿ 1.68 ಮತ್ತು 0.55. ಅಷ್ಟು ಆಳಕ್ಕೆ ಫಾಯಿಲ್ ತಾಳಲಾರದು ಎನಿಸುವುದರಿಂದ ಒದ್ದೆ ಕಾಗದದಿಂದ ಆರಂಭಿಸುವ ಯೋಚನೆಯಿದೆ.